ಕಾಫಿ ಕುಯ್ಲಿನ ಸೊಂಟನೋವು: 14 ವರ್ಷ ನನ್ನ ಕೈಗೆ ತಿಳಿದದ್ದು

ಜನವರಿ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚು ತುಂಬುತ್ತದೆ. ಕೊಡಗಿನ ಸಿದ್ದಾಪುರದ ಸುತ್ತ ರೋಬಸ್ಟಾ ಕಾಫಿ ಕುಯ್ಲು ಜೋರಾಗಿರುತ್ತದೆ, ಸಂಜೆ ಐದರ ಮೇಲೆ ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರು ಸೊಂಟ ಹಿಡಿದುಕೊಂಡು ಒಬ್ಬೊಬ್ಬರೇ ಬರುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ನಾನೂ ಹೆಣ್ಣಲ್ವಾ, ಬೆನ್ನು ತೋರಿಸಲು ಅವರಿಗೆ ಸಂಕೋಚ ಕಡಿಮೆ.

"ಮೂಳೆ ಸರಿದಿದೆ ಡಾಕ್ಟ್ರಮ್ಮ, ಮೊಬೈಲಲ್ಲಿ ತೋರಿಸ್ತಾರಲ್ಲ, ಹಾಗೆ ಟಕ್ ಅನ್ನಿಸಿ ಕೂರಿಸಿಬಿಡಿ" ಎಂದು ಕೇಳದವರೇ ಇಲ್ಲ. 1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಕೈರೋಪ್ರಾಕ್ಟಿಕ್ ಎಂಬ, ಬೆನ್ನೆಲುಬನ್ನು ಕೈಯಿಂದ ತಳ್ಳಿ ಕೂರಿಸುವ ಚಿಕಿತ್ಸೆ ಶುರು ಮಾಡಿದಾಗ ಅವರು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, ಬೆನ್ನೆಲುಬು ಜಾಗ ತಪ್ಪಿ ನರ ಒತ್ತುತ್ತದೆ ಅಂತ. ಆದರೆ ಆ ಸದ್ದು ಮೂಳೆ ಕೂತ ಸದ್ದಲ್ಲ. ಕೀಲಿನ ಒಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಗಾಳಿಗುಳ್ಳೆ ಏಳುತ್ತದೆ, ಸದ್ದು ಅದರದು. ಕೀಲನ್ನು ಹಾಗೆ ತಳ್ಳಿದಾಗ ಸುತ್ತಲಿನ ಸ್ನಾಯು ಸ್ವಲ್ಪ ಹೊತ್ತು ಬಿಗಿ ಬಿಡುತ್ತದೆ, ನೋವು ಇಳಿಯುತ್ತದೆ. ಆ ಸ್ವಲ್ಪ ಹೊತ್ತನ್ನು ಹೇಗೆ ಬಳಸಬೇಕು ಅನ್ನೋದನ್ನು ನನಗೆ ಕಲಿಸಿದ್ದು ಒಬ್ಬ ಅಕ್ಕ.

ನಲವತ್ತು ದಾಟಿದವರು. ಬಲಸೊಂಟ ನೋವು. ಮೂರು ಶನಿವಾರ ಬಂದರು. ನಾನು ಕೀಲು ಸಡಿಲಿಸುತ್ತಿದ್ದೆ, ಹಗುರಾಗಿ ಎದ್ದು ಹೋಗುತ್ತಿದ್ದರು, ಬುಧವಾರಕ್ಕೆ ನೋವು ವಾಪಸ್. ನಾಲ್ಕನೇ ವಾರ ನಾನೇ ತೋಟಕ್ಕೆ ಹೋದೆ. ಇಳಿಜಾರು ಜಾಗ. ಕುಯ್ದ ಹಣ್ಣು ತುಂಬುವ ಚೀಲ ಯಾವಾಗಲೂ ಒಂದೇ ಪಕ್ಕಕ್ಕೆ ಕಟ್ಟಿದ್ದರು, ನಿಲ್ಲುವಾಗ ಯಾವಾಗಲೂ ಅದೇ ಕಾಲು ಕೆಳಗೆ, ಸಂಜೆ ತೂಕಕ್ಕೆ ಮೂಟೆಯನ್ನು ರಸ್ತೆಯವರೆಗೆ ಹೊತ್ತು ತರುವುದೂ ಅದೇ ಹೆಗಲ ಮೇಲೆ. ಕಿಲೋ ಲೆಕ್ಕದ ಕೂಲಿ, ನಿಂತು ಸುಧಾರಿಸಿಕೊಂಡರೆ ಸಂಬಳ ಹೋಗುತ್ತದೆ. ಅಂಥವರಿಗೆ 'ರೆಸ್ಟ್ ಮಾಡಿ' ಎಂದು ಬರೆದುಕೊಟ್ಟಿದ್ದೆನಲ್ಲ ಎಂದು ಇವತ್ತಿಗೂ ಬೇಜಾರಾಗುತ್ತದೆ.

ಅಲ್ಲಿಂದ ಬೇರೆ ಥರ ಮಾಡಿದೆ. ಅವರನ್ನು ಎಡಮಗ್ಗುಲಿಗೆ ಮಲಗಿಸಿ, ಸೊಂಟದ ಕೆಳಗೆ ದಿಂಬಿಟ್ಟು, ಕೊನೆಯ ಪಕ್ಕೆಲುಬಿನಿಂದ ಸೊಂಟದ ಮೂಳೆಗೆ ಇಳಿಯುವ ಸ್ನಾಯುವಿನ ಮೇಲೆ ಮೊಣಕೈ ಇಟ್ಟು ನಿಧಾನ ಒತ್ತಿದೆ. ನೋವು ಹತ್ತರಲ್ಲಿ ಐದಾರು ದಾಟಬಾರದು, ಉಸಿರು ಬಿಗಿ ಹಿಡಿದರೆ ಜಾಸ್ತಿಯಾಯಿತು ಎಂದೇ ಅರ್ಥ. ಅರ್ಧ ನಿಮಿಷಕ್ಕೆ ಗಂಟು ಮೆತ್ತಗಾಗುತ್ತದೆ, ಮೊಣಕೈಗೇ ಗೊತ್ತಾಗುತ್ತದೆ. ನೋವು ಇಳಿದ ಕೂಡಲೇ, ಅದೇ ಹತ್ತು ನಿಮಿಷದಲ್ಲಿ, ಬೆಂಚಿನಿಂದ ಕೈ ಊರದೆ ಹತ್ತು ಸಲ ಏಳಿಸಿ ಕೂರಿಸಿದೆ, ಒಂದು ಬಕೆಟ್ ನೀರು ಎತ್ತಿಸಿದೆ. ಚೀಲ ಎರಡು ಮಾಡಿ ಎರಡೂ ಪಕ್ಕ ಕಟ್ಟಿಕೊಳ್ಳಿ, ಒಂದು ಸಾಲು ಮೇಲಿಂದ, ಮುಂದಿನ ಸಾಲು ಕೆಳಗಿಂದ ಕುಯ್ಯಿರಿ ಎಂದೆ. ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿದೆ, ಮೂಟೆ ಅರ್ಧರ್ಧ ಹೊರಲು ಒಪ್ಪಿದರು. ತಿಂಗಳಿಗೆ ಅವರು ಬರುವುದೇ ನಿಂತಿತು.

ಎಲ್ಲ ಬೆನ್ನನ್ನೂ ಮುಟ್ಟಬಾರದು, ಇದನ್ನು ಒತ್ತಿ ಹೇಳುತ್ತೇನೆ. ಮೆಣಸು ಕುಯ್ಯುವ ಏಣಿಯಿಂದ ಬಿದ್ದ ಹುಡುಗನೊಬ್ಬನನ್ನು ಯಾರೋ ಎರಡು ದಿನ ಎಣ್ಣೆ ಹಚ್ಚಿ ನೀವಿ, ಉಳುಕು ತೆಗೆದು, ಆಮೇಲೆ ನನ್ನ ಹತ್ತಿರ ಕರೆತಂದರು. ಎರಡೂ ಕಾಲು ಜೋಮು, ಕೂರುವ ಜಾಗದಲ್ಲಿ ಸ್ಪರ್ಶವೇ ಇಲ್ಲ, ಬೆಳಿಗ್ಗೆಯಿಂದ ಮೂತ್ರ ಕಟ್ಟಿತ್ತು. ನಾನು ಕೈ ಹಾಕಲಿಲ್ಲ, ಆ ರಾತ್ರಿಯೇ ಮೈಸೂರಿಗೆ ಕಳಿಸಿದೆ. ಆಪರೇಷನ್ ಆಯಿತು, ನಡೆಯುತ್ತಾನೆ, ಒಂದು ಪಾದ ಇನ್ನೂ ಎಳೆಯುತ್ತದೆ. ಆ ಎರಡು ದಿನ ಹಾಳಾಗದಿದ್ದರೆ ಎಂದು ಅನ್ನಿಸುತ್ತಲೇ ಇರುತ್ತದೆ. ಬಿದ್ದ ಪೆಟ್ಟು, ಜ್ವರ, ಕಾರಣವಿಲ್ಲದೆ ತೂಕ ಇಳಿದಿದ್ದು, ಮಲಗಿದರೂ ಬಿಡದ ರಾತ್ರಿ ನೋವು, ಇವಿದ್ದರೆ ಮೊದಲು ಆಸ್ಪತ್ರೆ. ಇನ್ನು ಕುತ್ತಿಗೆಯನ್ನು ಥಟ್ಟನೆ ತಿರುಗಿಸುವುದನ್ನು ನಾನು ಮಾಡುವುದೇ ಇಲ್ಲ. ಮೆದುಳಿಗೆ ಹೋಗುವ ರಕ್ತನಾಳ ಸೀಳುವುದು ಅಪರೂಪ, ಆದರೆ ಹಾಗೇನಾದರೂ ಆಯಿತೋ, ಲಕ್ವಾ.

ಎಂಆರ್‌ಐ ಹಿಡಿದು ಹೆದರಿ ಬರುವವರು ಇನ್ನೊಂದು ಕಡೆ. ಒಂದು ಕಾಲಕ್ಕೆ ಹಾಕಿ ಆಟ ಆಡಿದ ಮಾವಂದಿರು ಜಾಸ್ತಿ. 'ಡಿಸ್ಕ್ ಉಬ್ಬಿದೆ', ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ ಹೊರಚಾಚಿದೆ, ಎಂಬ ಸಾಲಿಗೆ ಗೆರೆ ಎಳೆದು ತರುತ್ತಾರೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟಿಗೆ ನೋಡಿದ 2015ರ ಒಂದು ವರದಿಯಲ್ಲಿ, 50ರ ವಯಸ್ಸಿನವರಲ್ಲಿ ನೂರಕ್ಕೆ 60 ಜನರಿಗೆ ಡಿಸ್ಕ್ ಉಬ್ಬಿತ್ತು. ಇದನ್ನು ಹೇಳಿದ ಮೇಲೆ ಎಷ್ಟೋ ಮಂದಿ ಮತ್ತೆ ಬಗ್ಗಲು ಧೈರ್ಯ ಮಾಡುತ್ತಾರೆ.

ಆ ಅಕ್ಕ ಈ ಸಲ ಒಮ್ಮೆ ಬಂದಿದ್ದರು. ಸೊಂಟಕ್ಕಲ್ಲ, ಹೆಬ್ಬೆರಳ ಬುಡಕ್ಕೆ. ದಿನವಿಡೀ ಕೊಂಬೆಯಿಂದ ಹಣ್ಣು ಎಳೆದೂ ಎಳೆದೂ ಊದಿತ್ತು. ಟೇಪ್ ಸುತ್ತಿ ಕಳಿಸಿದ್ದೇನೆ. ಕುಯ್ಯುವಾಗ ಬೆರಳು ಹೇಗೆ ಹಿಡಿಯುತ್ತಾರೆ ಅಂತ ನೋಡಲು ಸೋಮವಾರ ಮತ್ತೆ ತೋಟಕ್ಕೆ ಹೋಗಬೇಕು.