ಹೂದಾನಿ ತುಂಬುವ ಮೊದಲು ದಂಟು ನೋಡಿ

ಕೋರ್ಸಿಗೆ ಸೇರದೆ, ಬಿಡುವಾದಾಗ ಹೂವಿನ ಸ್ಟುಡಿಯೊಗೆ ಹೋಗಿ ಕೂತು ಹೂ ಜೋಡಿಸಿ ಬರುವವರಿಗೆ ಸಿಗುವುದು ಗಂಟೆ, ಒಂದೂವರೆ ಗಂಟೆ. ಹೊಸಬರು ಅದರಲ್ಲಿ ಅರ್ಧವನ್ನು ಬಣ್ಣ ಆರಿಸುವುದರಲ್ಲೇ ಕಳೆದುಬಿಡುತ್ತಾರೆ. ಹೂ ಮೂರನೇ ದಿನಕ್ಕೆ ಬಾಡುವುದೋ ವಾರ ನಿಲ್ಲುವುದೋ ಬಹುಪಾಲು ತೀರ್ಮಾನವಾಗುವುದು ದಂಟು ಕತ್ತರಿಸುವಾಗ.

15 ಸೆಂ.ಮೀ. ಎತ್ತರ, 10 ಸೆಂ.ಮೀ. ಬಾಯಿಯ ಹೂದಾನಿಗೆ 5–6 ಕಡ್ಡಿ ಹಸಿರೆಲೆ, ಗುಲಾಬಿ ಅಥವಾ ಲಿಲ್ಲಿಯಂಥ 3 ದೊಡ್ಡ ಹೂ, 5 ಕಾರ್ನೇಷನ್ ಅಥವಾ ಸೇವಂತಿಗೆ, ಪುಟ್ಟ ಬಿಳಿ ಹೂಗಳ ಜಿಪ್ಸೊಫಿಲಾ 2 ಕಡ್ಡಿ ಸಾಕು. ಗುಲಾಬಿಯನ್ನು ಎಸಳು ತೊಟ್ಟಿಗೆ ಸೇರುವಲ್ಲಿ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ತಾಜಾ, ಮೆತ್ತಗಿದ್ದರೆ ಹಳೆಯದು. ಹೊರಗಿನ ಒಂದೆರಡು ಎಸಳು ಒರಟಾಗಿ, ಹಸಿರು ಗೆರೆ ಇದ್ದರೆ ಹೂ ಕೆಟ್ಟಿದೆ ಎಂದಲ್ಲ. ಅವು ಮೊಗ್ಗನ್ನು ಕಾಯುವ ಎಸಳುಗಳು. ಜೋಡಿಸಿದ ಮೇಲೆ ಕಿತ್ತರಾಯಿತು.

ಹೂದಾನಿಯನ್ನು ಸೋಪು ಹಾಕಿ ತೊಳೆದು, ಅಂಚನ್ನು ಪೂರ್ತಿ ಒರೆಸಿ. ತೇವವಿದ್ದರೆ ಟೇಪ್ ಅಂಟುವುದಿಲ್ಲ. ಬಾಯಿಯ ಮೇಲೆ ಸಪೂರ ಪಾರದರ್ಶಕ ಟೇಪನ್ನು ಉದ್ದಕ್ಕೆ 3, ಅಡ್ಡಕ್ಕೆ 3 ಪಟ್ಟಿ ಎಳೆದು, ತುದಿಗಳನ್ನು 1 ಸೆಂ.ಮೀ. ಹೊರಕ್ಕೆ ಮಡಚಿ. ಈ ಜಾಲರಿ ಇಲ್ಲದಿದ್ದರೆ ಹೂಗಳೆಲ್ಲ ಅಂಚಿಗೆ ಒರಗಿ, ನಡುವೆ ಹಳ್ಳ ಬೀಳುತ್ತದೆ. ನೀರು ಮುಕ್ಕಾಲು ಭಾಗ ಇರಲಿ. ಜರ್ಬೆರಾ ಹಾಕುವುದಾದರೆ 5 ಸೆಂ.ಮೀ. ಸಾಕು, ಅದರ ಮೆದು ದಂಟು ಆಳದ ನೀರಿನಲ್ಲಿ ಕೊಳೆಯುತ್ತದೆ.

ಈಗ ದಂಟು. ನೀರಿನಲ್ಲಿ ಮುಳುಗುವ ಎಲೆಯನ್ನೆಲ್ಲ ಕಿತ್ತುಹಾಕಿ. ಒಂದೆರಡು ಉಳಿದರೂ ಕೊಳೆತು, ಬ್ಯಾಕ್ಟೀರಿಯಾ ಬೆಳೆದು ದಂಟಿನೊಳಗಿನ ನೀರಿನ ನಾಳ ಕಟ್ಟಿಕೊಳ್ಳುತ್ತದೆ. ತುದಿಯಿಂದ 2–3 ಸೆಂ.ಮೀ. ಬಿಟ್ಟು ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ. ಮೊಂಡು ಕತ್ತರಿ ನಾಳವನ್ನು ಜಜ್ಜಿಬಿಡುತ್ತದೆ. ಕತ್ತರಿಸಿದ ಕೂಡಲೇ ನೀರಿಗಿಳಿಸಿ. ಮೇಜಿನ ಮೇಲೆ ಬಿಟ್ಟರೆ ನಾಳಕ್ಕೆ ಗಾಳಿ ಸೇರುತ್ತದೆ, ಗುಲಾಬಿ ಕತ್ತು ಬಗ್ಗಿಸುವುದು ಬಹಳ ಸಲ ಇದರಿಂದಲೇ. ಕಾರ್ನೇಷನ್ ದಂಟನ್ನು ಗೆಣ್ಣಿನ ಮೇಲಲ್ಲ, ಎರಡು ಗೆಣ್ಣುಗಳ ನಡುವೆ ಕತ್ತರಿಸಬೇಕು. ಲಿಲ್ಲಿ ಅರಳುತ್ತಿದ್ದಂತೆ ಪರಾಗದ ಚೀಲಗಳನ್ನು ಚಿವುಟಿ ತೆಗೆಯಿರಿ. ಪುಡಿ ಬಟ್ಟೆಗೆ ಬಿದ್ದರೆ ನೀರು ಹಚ್ಚಿ ಉಜ್ಜಬೇಡಿ, ಟೇಪಿಗೆ ಅಂಟಿಸಿ ಎತ್ತಿ.

ಜೋಡಣೆ ಹಸಿರೆಲೆಯಿಂದ ಶುರುವಾಗಲಿ. ಬಲಗಡೆಯಿಂದ ಇಳಿದ ಕಡ್ಡಿಯ ತುದಿ ಎಡಗಡೆಯ ಗೋಡೆ ಮುಟ್ಟಬೇಕು; ಹೀಗೆ ಹೆಣೆದುಕೊಂಡ ಕಡ್ಡಿಗಳೇ ಹೂವಿಗೆ ಆಸರೆ. ಅತಿ ಎತ್ತರದ ಕಡ್ಡಿ ಅಂಚಿನಿಂದ ಮೇಲಕ್ಕೆ 22 ಸೆಂ.ಮೀ., ಅಂದರೆ ಹೂದಾನಿಯ ಒಂದೂವರೆ ಪಟ್ಟು ದಾಟದಿರಲಿ. ದೊಡ್ಡ ಹೂ ಮೂರನ್ನೂ ಒಂದೇ ಎತ್ತರಕ್ಕೆ ನಿಲ್ಲಿಸಬೇಡಿ. ಪ್ರತಿ ದಂಟನ್ನೂ ಹೂದಾನಿಯ ಹೊರಗೆ ಹಿಡಿದು ಅಳೆದು, ತುಸು ಉದ್ದವೇ ಕತ್ತರಿಸಿ. ಎರಡು ಮೂರು ಹೂ ಇಟ್ಟಾಗಲೊಮ್ಮೆ ಹೂದಾನಿಯನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಹಿಂಬದಿ ಬೋಳಾಗುತ್ತದೆ. ಜಿಪ್ಸೊಫಿಲಾ ಕೊನೆಗೆ.

ಹೂವಿನ ಆಹಾರದ ಪೊಟ್ಟಣ ಕೊಟ್ಟರೆ ಅದರಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ. ನೀರು ಹೆಚ್ಚಾದರೆ ಬ್ಯಾಕ್ಟೀರಿಯಾ ತಡೆಯುವ ಅಂಶ ತೆಳುವಾಗಿ, ಉಳಿದ ಸಕ್ಕರೆ ಅವಕ್ಕೇ ಆಹಾರವಾಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ತುದಿಯನ್ನು 1 ಸೆಂ.ಮೀ. ಮತ್ತೆ ಕತ್ತರಿಸಿ. ಮಾಗುವ ಹಣ್ಣಿನ ಪಕ್ಕ ಇಡಬೇಡಿ, ಅದು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ ಬೇಗ ಮುದುಡುತ್ತದೆ. ಗುಲಾಬಿ ತಲೆ ಬಗ್ಗಿಸಿದರೆ ತಕ್ಷಣ ಎಸೆಯದೆ, ದಂಟನ್ನು ಮತ್ತೆ ಕತ್ತರಿಸಿ, ತಲೆ ನೆಟ್ಟಗಿರುವಂತೆ ಕಾಗದದಲ್ಲಿ ಸುತ್ತಿ, ಕತ್ತಿನವರೆಗೆ ನೀರಿನಲ್ಲಿ ಒಂದೆರಡು ಗಂಟೆ ನಿಲ್ಲಿಸಿ ನೋಡಿ. ತೀರಾ ಹಳೆಯದಲ್ಲದಿದ್ದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.