ಕೆನ್ನೆ ಕೆರೆದು ಮೈಕ್ರೋನ್ಯೂಕ್ಲಿಯಸ್ ಎಣಿಸಿದ್ದು: ನನ್ನ ಅನುಭವ

ಗುಟ್ಕಾ, ತಂಬಾಕು ಜಗಿಯುವವರ ಕೆನ್ನೆಯ ಒಳಭಾಗ ಕೆರೆದು, ಆ ಜೀವಕೋಶಗಳಲ್ಲಿ ಮೈಕ್ರೋನ್ಯೂಕ್ಲಿಯಸ್ (ಡಿಎನ್‌ಎಗೆ ಪೆಟ್ಟು ಬಿದ್ದಾಗ ಮುಖ್ಯ ನ್ಯೂಕ್ಲಿಯಸ್ ಪಕ್ಕ ಉಳಿಯುವ ಪುಟ್ಟ ತುಣುಕು) ಎಣಿಸಲು ಹೊರಟೆ. "ಬಯಾಪ್ಸಿ ಇರುವಾಗ ಇದ್ಯಾಕೆ?" ಅಂತ ನಮ್ಮ ವಿಭಾಗದಲ್ಲೇ ಜಾಸ್ತಿ ಜನ ನಕ್ಕರು. ಬಯಾಪ್ಸಿಗೆ ಬಿಳಿ ಮಚ್ಚೆಯೋ ಹುಣ್ಣೋ ಕಾಣಬೇಕಲ್ವಾ? ನನಗೆ ಬೇಕಿದ್ದದ್ದು ಅದಕ್ಕೂ ಮುಂಚಿನ ಸುಳಿವು.

ಮೊದಲು ಸ್ಲೈಡಿಗೆ ಜೀಮ್ಸಾ ಬಣ್ಣ ಹಾಕಿದೆವು. ಅಗ್ಗ, ಬೇಗ. ಎಣಿಕೆ ಸಿಕ್ಕಾಪಟ್ಟೆ ಬಂತು, ಖುಷಿಯೂ ಆಯಿತು. ಆಮೇಲೆ ನೋಡಿದರೆ ಅರ್ಧಕ್ಕರ್ಧ ಬ್ಯಾಕ್ಟೀರಿಯಾ, ಕೆರಾಟಿನ್ ಕಣ. ಗುಟ್ಕಾ ಬಾಯಿಯ ಸ್ಲೈಡ್ ಅಂದರೆ ಕೇಳಬೇಕೇ, ಸಂತೆ ಮುಗಿದ ಬಯಲಿನ ಹಾಗೆ. ಡಿಎನ್‌ಎಗೆ ಮಾತ್ರ ಬಣ್ಣ ಹಿಡಿಸುವ ಫ್ಯೂಲ್ಗೆನ್‌ಗೆ ಹೋಗದೆ ಗತಿ ಇರಲಿಲ್ಲ.

ಅಲ್ಲಿ ದುಡ್ಡು ಕರಗಿತು. ಫ್ಯೂಲ್ಗೆನ್‌ಗೆ ಬೇಕಾದ ಬಣ್ಣದ ದ್ರಾವಣ ಶಿಫ್ ರೀಏಜೆಂಟ್, ತರಿಸಿದ ಎರಡು ಬಾಟಲಿ ಕೆಟ್ಟು ಗುಲಾಬಿಗೆ ತಿರುಗಿ ಮೋರಿ ಸೇರಿದವು. ಮೂರು ಸಾವಿರದಷ್ಟು ಹೋಗಿರಬೇಕು, ಎಲ್ಲ ನನ್ನ ಜೇಬಿನದೇ. ಕೊನೆಗೆ ಬೇಸಿಕ್ ಫುಕ್ಸಿನ್, ಮೆಟಾಬೈಸಲ್ಫೈಟ್, ಇದ್ದಿಲು ತಂದು ನಾವೇ ಮಾಡಿಕೊಂಡೆವು. ಕಾಲು ಭಾಗ ಖರ್ಚೂ ಬರಲಿಲ್ಲ.

ಆದರೂ ಬಣ್ಣ ಪೇಲವ. ಸ್ಲೈಡನ್ನು ಬಣ್ಣಕ್ಕೂ ಮುಂಚೆ 5 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕೋಣೆಯ ಉಷ್ಣತೆಗೆ ಇಡಿ ಅಂತಾರೆ. ನಮ್ಮ ರಾಯಚೂರಿನ ಏಪ್ರಿಲ್ ಯಾವ ಪುಸ್ತಕದ ಕೋಣೆ? ಹೊತ್ತು ಮೀರಿದರೆ ಡಿಎನ್‌ಎಯೇ ತೊಳೆದುಹೋಗುತ್ತದೆ. ಹೊತ್ತು ಕಡಿಮೆ ಮಾಡಿದ ಮೇಲೆ ನ್ಯೂಕ್ಲಿಯಸ್ ಕೆಂಪಗೆ ಎದ್ದು ನಿಂತಿತು. ಎಷ್ಟು ನಿಮಿಷ, ಕೆರೆಯುವ ಮುಂಚೆ ಬಾಯಿ ಯಾವುದರಲ್ಲಿ ಮುಕ್ಕಳಿಸುತ್ತೇವೆ, ಈ ಎರಡನ್ನೂ ಸದ್ಯಕ್ಕೆ ಹೇಳಲ್ಲ.

ಯಾವುದನ್ನು ಮೈಕ್ರೋನ್ಯೂಕ್ಲಿಯಸ್ ಅನ್ನಬೇಕು ಎಂಬುದಕ್ಕೆ ಸಂಶೋಧಕಿ ಟೋಲ್ಬರ್ಟ್ ಹೇಳಿದ ನಿಯಮದಂತೆಯೇ ಎಣಿಕೆ. ಮುಖ್ಯ ನ್ಯೂಕ್ಲಿಯಸ್‌ನ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು, ಅದೇ ಫೋಕಸ್, ಅದೇ ಬಣ್ಣ. ಏನೂ ಜಗಿಯದವರಲ್ಲಿ ಸಾವಿರ ಜೀವಕೋಶಕ್ಕೆ ಒಂದೋ ಎರಡೋ. ಜಗಿಯುವವರಲ್ಲಿ ಐದಾರು, ಕೆಲವರಲ್ಲಿ ಹತ್ತರ ಹತ್ತಿರ. ಹೆಸರು ಮುಚ್ಚಿ ಕೊಟ್ಟ ಸ್ಲೈಡ್‌ಗಳಲ್ಲೂ ಜಗಿಯುವವರು ಯಾರೆಂದು ಹೆಚ್ಚುಕಡಿಮೆ ಸರಿಯಾಗಿ ಹೇಳಿದೆ. ನಕ್ಕವರೇ ಈಗ ಸ್ಲೈಡ್ ಕಳಿಸುತ್ತಾರೆ!

2013ರ ನಿಷೇಧದ ಮೇಲೆ "ಗುಟ್ಕಾ ಬಿಟ್ಟಿದ್ದೀನಿ ಸಾರ್" ಅನ್ನುವವರು ಜಾಸ್ತಿ. ಜೇಬಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು, ಬೆರೆಸಿದರೆ ಅದೇ ಗುಟ್ಕಾ. ಬರೀ ಅಡಿಕೆ ಅನ್ನುವವರನ್ನೂ ನಾನು ಬಿಡಲ್ಲ.

ಸುಮ್ನೆ ಇನ್ನೊಂದು ನೋಡಿದೆ. ನಮ್ಮ ಅಟೆಂಡರ್ ಅಣ್ಣನಿಗೆ ಜಗಿಯೋದು ಬಿಡಿಸಿ ತಿಂಗಳ ಮೇಲೆ ಕೆರೆದರೆ ಎಣಿಕೆ ಅರ್ಧಕ್ಕೆ ಇಳಿದಿತ್ತು. ತಳದ ಪದರದಲ್ಲಿ ಹುಟ್ಟಿದ ಜೀವಕೋಶ ಒಂದರಿಂದ ಮೂರು ವಾರದಲ್ಲಿ ಮೇಲೆ ಬರುತ್ತದೆ, ಲೆಕ್ಕ ಕೂಡಿತು. ಜಾತ್ರೆಗೆ ಹೋಗಿ ಬಂದವನು ಮತ್ತೆ ಶುರು ಮಾಡಿದ, ಅದು ಬೇರೆ ಮಾತು.

ಎಣಿಕೆ ಜಾಸ್ತಿ ಬಂತೆಂದು ಯಾರಿಗೂ ಕ್ಯಾನ್ಸರ್ ಅನ್ನಬೇಡಿ. ನಾವು ಅಂಥವರನ್ನು ಮೂರು ತಿಂಗಳಿಗೊಮ್ಮೆ ಕರೆಸಿ ಬಾಯಿ ನೋಡುತ್ತೇವೆ. ಮಚ್ಚೆ ಕಂಡರೆ ಬಯಾಪ್ಸಿಯೇ.