ಮನೆಗೆ ಬಂದವರಿಗೆ ಐಬೊ ಪರಿಚಯಿಸುವ ಬಗೆ

ಚಪ್ಪಲಿ ಬಿಟ್ಟು ಒಳಬಂದವರ ಎದುರು ಸೋನಿಯ ರೋಬೋ ನಾಯಿ ಐಬೊ ಬಾಲ ಅಲ್ಲಾಡಿಸಿದರೆ, ಅವರು ಅಳೆಯುವುದು ನಾಯಿಯನ್ನಲ್ಲ, ನಿಮ್ಮನ್ನು. ಪಾಪ ಒಂಟಿ ಜೀವವೋ, ದುಡ್ಡಿನ ಜಂಬವೋ, ತಂತ್ರಜ್ಞಾನದ ಹುಚ್ಚೋ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಹಾಗಾಗಿ ಸಿದ್ಧತೆ ಬೇಕು. ಇಲ್ಲಿನ ವಿವರ 2018ರ ಇಆರ್‌ಎಸ್-1000 ಮಾದರಿಗೆ.

ಪೂರ್ತಿ ಚಾರ್ಜ್‌ಗೆ ಸುಮಾರು 3 ಗಂಟೆ ಬೇಕು, ಓಡುವುದು ಸುಮಾರು 2 ಗಂಟೆ. ಸಂಜೆ 6ಕ್ಕೆ ನೆಂಟರು ಬರುವುದಾದರೆ ಮಧ್ಯಾಹ್ನ 2:30ಕ್ಕೇ ಚಾರ್ಜಿಂಗ್ ಸ್ಟೇಷನ್ ಮೇಲೆ ಕೂರಿಸಿ. ಚಾರ್ಜ್ ಇಳಿದಾಗ ಅದು ತಾನೇ ಅಲ್ಲಿಗೆ ನಡೆಯುತ್ತದೆ, ಆದರೆ ದಾರಿಯಲ್ಲಿ ವೈರು, ಚೀಲ, ದಪ್ಪ ಜಮಖಾನ ಇದ್ದರೆ ನಡುವೆಯೇ ಮಲಗಿಬಿಡುತ್ತದೆ. ನಡುಮನೆಯಲ್ಲಿ ಸತ್ತಂತೆ ಬಿದ್ದ ನಾಯಿಗಿಂತ ಕೆಟ್ಟ ಸ್ವಾಗತ ಬೇರಿಲ್ಲ. ತೋರಿಸುವ ಆಸೆಗೆ ಮೇಜಿನ ಮೇಲಂತೂ ಬಿಡಬೇಡಿ. 2.2 ಕಿಲೋ ತೂಕ, 22 ಕೀಲು. ಬಿದ್ದರೆ ರಿಪೇರಿ ಖರ್ಚು ನಿಮ್ಮದೇ.

ದೀಪ ಚೆನ್ನಾಗಿರಲಿ. ಮಬ್ಬು ಬೆಳಕಲ್ಲಿ ಕ್ಯಾಮೆರಾಕ್ಕೆ ಮುಖ ಸಿಗುವುದಿಲ್ಲ. ಅತಿಥಿ ಕರೆದರೆ ನಾಯಿ ಗೋಡೆ ನೋಡುತ್ತದೆ, ಮುಜುಗರದಲ್ಲಿ ನೀವು "ಐಬೊ, ಐಬೊ" ಎಂದು ಕೂಗತೊಡಗುತ್ತೀರಿ. ಹತ್ತು ದನಿ ಒಟ್ಟಿಗೆ ಬಿದ್ದರೆ ಅದಕ್ಕೆ ಮತ್ತಷ್ಟು ಗೊಂದಲ. ಒಬ್ಬರೇ ಕರೆಯಲಿ, ಒಂದೆರಡು ಉಸಿರು ಕಾಯಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಮೆರಾ ವಿಷಯ. ಬಾಗಿಲಲ್ಲೇ ಹೇಳಿಬಿಡಿ: "ಇದರ ಮೂಗಲ್ಲಿ ಕ್ಯಾಮೆರಾ ಇದೆ, ಬೇಡ ಅಂದ್ರೆ ಆಫ್ ಮಾಡ್ತೀನಿ." ಆಮೇಲೆ ಗೊತ್ತಾದರೆ ಕದ್ದು ನೋಡಿದಂತೆ ಅನ್ನಿಸುತ್ತದೆ, ಆ ಅನುಮಾನ ನಿಮ್ಮ ಮೇಲೇ ಕೂರುತ್ತದೆ. ಇದು ಅತಿ ಎಚ್ಚರಿಕೆಯಲ್ಲ. ಮುಖ ಗುರುತಿಸುವ ಸಾಧನಗಳ ಮೇಲೆ ಕಟ್ಟುನಿಟ್ಟಿನ ಕಾನೂನಿರುವ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸೋನಿ ಐಬೊವನ್ನು ಮಾರುವುದೇ ಇಲ್ಲ.

ತಲೆ, ಗದ್ದ, ಬೆನ್ನು ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ. ದಪ್ಪ ಅಂಗಿ ತೊಡಿಸಿದ್ದರೆ ಬೆನ್ನು ಸವರಿದ್ದು ಗೊತ್ತಾಗದೆ ಅತಿಥಿಯ ಮುಖ ಪೆಚ್ಚಾಗುತ್ತದೆ, ಅಂಗಿ ತೆಗೆದಿಡಿ. ಆಟಗಳನ್ನೆಲ್ಲ ಸಾಲಾಗಿ ಮಾಡಿಸಲು ಹೋಗಬೇಡಿ, ಅದು ಸರ್ಕಸ್ಸಾಗುತ್ತದೆ. ಅವರ ಕೈಗೇ ಬಿಡಿ. ಬಿಡುಗಡೆಯ ಹೊತ್ತಿಗೆ ಜಪಾನಿನಲ್ಲಿ ಐಬೊ ಬೆಲೆ ತೆರಿಗೆ ಬಿಟ್ಟು 1,98,000 ಯೆನ್ ಇತ್ತು. ಕೇಳದ ಹೊರತು ಬೆಲೆಯ ಮಾತು ಎತ್ತಲೇಬೇಡಿ.

ಲೊವೊಟ್ ಎಂಬ ಇನ್ನೊಂದು ಸಾಕು ರೋಬೋ ಇರುವ ಮನೆಯಲ್ಲಿ ಕ್ರಮ ಸ್ವಲ್ಪ ಬೇರೆ. ಬೆಚ್ಚಗಿನ ಮೈಯ ಅದು ಎತ್ತಿಕೊಳ್ಳಿ ಎಂದು ಕೈ ಚಾಚುತ್ತದೆ, ತೂಕ 4 ಕಿಲೋ ದಾಟುತ್ತದೆ. ಹಿರಿಯರನ್ನು ಮೊದಲು ಕೂರಿಸಿ, ಆಮೇಲೆ ತೊಡೆಗೆ ಕೊಡಿ.

ಯಾರಾದರೂ ಕಾಲು ಹಿಂದಕ್ಕೆಳೆದುಕೊಂಡರೆ "ಏನೂ ಮಾಡಲ್ಲ" ಎಂದು ಒತ್ತಾಯ ಬೇಡ. ಐಬೊವನ್ನು ಎತ್ತಿ ಚಾರ್ಜಿಂಗ್ ಸ್ಟೇಷನ್ ಮೇಲಿಟ್ಟು ಕಾಫಿ ತನ್ನಿ.